ಊಟದ ಹೊತ್ತಿನ ವ್ಯಾಖ್ಯೆ

ತೊಂದರೆಗೆಲ್ಲ ಕಾರಣ ಒಂದು ಬೀದಿದೀಪದ ಚಿತ್ರ.

ಮನೆಮನೆಗೆ ಫೋನ್ ಮಾಡಿ ಮಾತಾಡುವ ಯಂತ್ರಗಳಿಗೆ ಮೂಗುದಾರ ಹಾಕಬೇಕೆಂದು ಇಲಾಖೆ ಒಂದು ಹೊಸ ನಿಯಮದ ಕರಡನ್ನು ಜನರ ಮುಂದಿಟ್ಟಿತ್ತು. ಯಾರು ಬೇಕಾದರೂ ಇಲಾಖೆಯ ಜಾಲತಾಣಕ್ಕೆ ಹೋಗಿ ಅಭಿಪ್ರಾಯ ಬರೆಯಬಹುದಿತ್ತು. ಆದರೆ ಯಂತ್ರಗಳ ಮೇಲಿನ ನಿಯಮಕ್ಕೆ ಯಂತ್ರಗಳೇ ಬಂದು ಅಭಿಪ್ರಾಯ ಬರೆದುಬಿಟ್ಟರೆ? ಈ ಯೋಚನೆ ಬಂದಮೇಲೆ ಆ ನಿಯಮ ಬರೆದ ಕರಡಪ್ಪನಿಗೆ ಅನ್ನ ಸೇರಲಿಲ್ಲ. ಹಠ ಹಿಡಿದು ಆ ಪುಟದ ಬಾಗಿಲಿಗೆ ಒಂದು ಪರೀಕ್ಷೆ ಇಡಿಸಿದ: 'ನೀವು ಮನುಷ್ಯರೆಂದು ತೋರಿಸಲು ಬೀದಿದೀಪ ಇರುವ ಚೌಕಗಳನ್ನೆಲ್ಲ ಒತ್ತಿ.' ಕಂಬವೂ ದೀಪದ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ಮಾತ್ರ ಎಲ್ಲೂ ಹೇಳಿರಲಿಲ್ಲ. ಕಂಬ ಒತ್ತಿದವರೂ ಸೋತರು, ಒತ್ತದವರೂ ಸೋತರು. ತಿಂಗಳು ಕಳೆಯುವಷ್ಟರಲ್ಲಿ ಪಾಸಾಗಿ ಒಳಗೆ ಬಂದದ್ದು ಒಂದೇ ಒಂದು ಅಭಿಪ್ರಾಯ, ಅದೂ ಫೋನ್ ಮಾಡುವ ಯಂತ್ರಗಳನ್ನು ಮಾರುವ ಕಂಪನಿಯದು. ಅದನ್ನು ತುಂಬಿದ್ದು ಯಂತ್ರವೇ ಎಂದು ಆಮೇಲೆ ತಿಳಿಯಿತು.

ಕರಡಪ್ಪ ತಾನೇ ಕೂತು ಪ್ರಯತ್ನಿಸಿದಾಗ ಆ ಪುಟ ಅವನನ್ನು ಮನುಷ್ಯನೆಂದು ಒಪ್ಪಲಿಲ್ಲ. ಅವನಿಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ.

ಕರಡಪ್ಪ ಎಂಬುದು ಕಚೇರಿಯವರು ಇಟ್ಟ ಹೆಸರು. ಅವನು ಬರೆಯುವುದೆಲ್ಲ ಕರಡು, ಅವನ ನೌಕರಿಯೂ ಕರಡು. ಸಂಜೆ ಕಾಲೇಜಿನಲ್ಲಿ ತೂಕಡಿಸುತ್ತ ತಂತ್ರಜ್ಞಾನ ನೀತಿ ಓದಿ, ಗುತ್ತಿಗೆಯ ಮೇಲೆ ಇಲಾಖೆ ಸೇರಿದ್ದ. ಹಗಲು ಕಾಲೇಜಿನವರಿಗೆ ಗೊತ್ತಿರುವ ಯಾವುದೋ ಒಂದು ಮುಖ್ಯ ವಿಷಯ ತನಗೆ ಗೊತ್ತಿಲ್ಲವೆಂಬ ಅನುಮಾನ ಅವನನ್ನು ನೆರಳಿನ ಹಾಗೆ ಹಿಂಬಾಲಿಸುತ್ತಿತ್ತು. ಹಾಗಾಗಿ ಯಾವ ಪದವನ್ನೂ ಅರ್ಥ ಬಿಡಿಸಿ ಬರೆಯದೆ ಬಿಡುತ್ತಿರಲಿಲ್ಲ. 'ಊಟದ ಹೊತ್ತಿನಲ್ಲಿ ಯಂತ್ರಗಳು ಯಾರಿಗೂ ಫೋನ್ ಮಾಡಕೂಡದು' ಎಂಬುದು ಈ ನಿಯಮದ ಜೀವಾಳ. ಊಟದ ಹೊತ್ತು ಎಂದರೇನು ಎಂದು ತೀರ್ಮಾನಿಸಲು ಒಂದು ಇಡೀ ಬೇಸಿಗೆ ಹಿಡಿಯಿತು. ತಜ್ಞರು ಬಂದರು, ಸಭೆಗಳು ನಡೆದವು, ಸಭೆಗಳಲ್ಲಿ ಊಟವೂ ನಡೆಯಿತು. ಕೊನೆಗೆ ಕರಡಪ್ಪ ಬರೆದ: 'ಊಟದ ಹೊತ್ತು ಎಂದರೆ ಸಂಬಂಧಪಟ್ಟ ವ್ಯಕ್ತಿ ಊಟ ಮಾಡುತ್ತಿರುವ ಹೊತ್ತು.' ಎಲ್ಲರೂ ಮೇಜು ತಟ್ಟಿದರು. ಅವನ ಜೀವನದಲ್ಲಿ ಯಾರಾದರೂ ಮೇಜು ತಟ್ಟಿದ್ದು ಅದೇ ಮೊದಲು.

ಈ ದಿನ ಬೆಳಿಗ್ಗೆ ನಿರ್ದೇಶಕಿ ಅವನನ್ನು ಕೋಣೆಗೆ ಕರೆದರು.

"ಸಂಜೆ ಸಮಿತಿ ಇದೆ, ನೆನಪಿದ್ಯಲ್ಲ?"

"ಇದೆ ಮೇಡಂ."

"ಸಾಮಾನ್ಯ ಜನರ ಅಭಿಪ್ರಾಯ ಎಷ್ಟು ಬಂದಿದೆ?"

"ಜನಕ್ಕೆ ಆಸಕ್ತಿ ತುಂಬಾ ಇದೆ ಮೇಡಂ."

"ಎಷ್ಟು ಅಂತ ಕೇಳಿದೆ."

"ಇನ್ನೂ... ಶುರುವಾಗಬೇಕು."

ನಿರ್ದೇಶಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಎದುರಿಗಿದ್ದವನು ನಿಂತಲ್ಲೇ ಬೆವರಬೇಕು, ಅದು ಕಚೇರಿಯ ರೂಢಿ. "ಜನರನ್ನ ಕೇಳದೆ ಯಾವ ನಿಯಮಾನೂ ಸಮಿತಿ ಮುಂದೆ ಹೋಗಲ್ಲ. ನಿಯಮ ಹೋಗದಿದ್ರೆ ನಿಮ್ಮನ್ನ ಖಾಯಂ ಮಾಡೋ ಮಾತೂ ಹೋಗಲ್ಲ. ಈ ತಿಂಗಳಿಗೆ ನಿಮ್ಮ ಗುತ್ತಿಗೆ ಮುಗೀತು. ಏನ್ ಮಾಡ್ತೀರೋ ಗೊತ್ತಿಲ್ಲ, ಸಂಜೆಯೊಳಗೆ ಜನ ಬೇಕು."

ಹೊರಗೆ ಬರುವಷ್ಟರಲ್ಲಿ ಹೆಂಡತಿಯ ಫೋನ್ ಬಂತು.

"ಅಣ್ಣ ಮತ್ತೆ ಕೇಳ್ತಿದ್ದ. ಅವನ ಹಾಸಿಗೆ ಅಂಗಡೀಲಿ ಒಬ್ಬರು ಬೇಕಂತೆ."

"ನಾನು ನೀತಿ ಓದಿದೋನು ಕಣೇ."

"ಅಲ್ಲೂ ಅಭಿಪ್ರಾಯ ಕೇಳೋದೇ ಕೆಲಸ. ಮೆತ್ತಗಿದ್ಯಾ, ಗಟ್ಟಿಗಿದ್ಯಾ ಅಂತ."

ಕರಡಪ್ಪ ಕಚೇರಿಯ ಧ್ವನಿಮುದ್ರಕವನ್ನು ಜೇಬಿಗೆ ಹಾಕಿಕೊಂಡು ಹೊರಟ. ಗುರುತಿಲ್ಲದವರ ಬಾಗಿಲು ತಟ್ಟುವ ಧೈರ್ಯವಿರಲಿಲ್ಲ. ಆದ್ದರಿಂದ ತಾನು ಬಾಡಿಗೆಗಿದ್ದ ಕಟ್ಟಡಕ್ಕೇ ಹೋದ. ಅಲ್ಲಿ ತಲುಪಿದಾಗ ಪ್ರತಿ ಮನೆಯಿಂದಲೂ ತಟ್ಟೆ ಲೋಟಗಳ ಸದ್ದು ಬರುತ್ತಿತ್ತು. ಎಲ್ಲರೂ ಮನೆಯಲ್ಲಿದ್ದಾರೆ, ಒಳ್ಳೆಯದೇ ಆಯಿತು ಎಂದುಕೊಂಡ. ಇಡೀ ಬೇಸಿಗೆ ಯಾವ ಹೊತ್ತಿನ ಬಗ್ಗೆ ತಲೆ ಕೆಡಿಸಿಕೊಂಡಿದ್ದನೋ ಅದೇ ಹೊತ್ತು ಇದು ಎಂಬುದು ಆ ಕ್ಷಣಕ್ಕೆ ಅವನ ತಲೆಗೆ ಹೋಗಲಿಲ್ಲ.

ಮೊದಲ ಗಂಟೆ ಎದುರುಮನೆಯದು. ಆ ಮನೆಯ ಹಿರಿಯಾಕೆಯನ್ನು ಕಟ್ಟಡದವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು. ಕಟ್ಟಡದಲ್ಲಿ ಅವರಿಗೆ ಗೊತ್ತಿಲ್ಲದ್ದು ಯಾವುದಾದರೂ ಇದ್ದರೆ ಅದು ಇನ್ನೂ ನಡೆದಿಲ್ಲವೆಂದೇ ಅರ್ಥ.

ಕರಡಪ್ಪ ಧ್ವನಿಮುದ್ರಕ ಒತ್ತಿ, ಗಂಟಲು ಸರಿಮಾಡಿಕೊಂಡು ಹೇಳಿದ: "ನಮಸ್ಕಾರ. ನಿಮ್ಮ ಅಮೂಲ್ಯ ಸಮಯದ ಒಂದೆರಡು ನಿಮಿಷ ಕೋರುತ್ತೇನೆ. ಯಂತ್ರಗಳು ಮಾಡುವ ಫೋನ್ ಕರೆಗಳ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ."

"ಏನಪ್ಪಾ, ಎದುರುಮನೆಯವನಾಗಿ ಹಿಂಗ್ ಮಾತಾಡ್ತೀಯ? ಬಾ ಒಳಗೆ. ನೀನು ಫೋನ್ ರಿಪೇರಿ ಅಲ್ವಾ? ಈ ಟೀವಿ ರಿಮೋಟ್ ನೋಡು."

"ರಿಪೇರಿ ಅಲ್ಲ ದೊಡ್ಡಮ್ಮ. ಯಂತ್ರ ಏನ್ ಮಾಡ್ಬಹುದು, ಏನ್ ಮಾಡ್ಬಾರದು ಅಂತ ಬರೆಯೋದು ನನ್ನ ಕೆಲಸ."

"ಬರೆದಿದ್ದನ್ನ ಯಂತ್ರ ಓದುತ್ತಾ?"

"ಇಲ್ಲ, ಯಂತ್ರ ಮಾಡೋರು ಓದ್ತಾರೆ."

"ಓದ್ತಾರಾ?"

"ಓದಬೇಕು," ಎಂದ ಕರಡಪ್ಪ. ಅಷ್ಟು ಹೇಳುವಾಗಲೇ ದನಿ ಇಳಿದಿತ್ತು.

ದೊಡ್ಡಮ್ಮ ಯೋಚಿಸಿ ಅಭಿಪ್ರಾಯ ಕೊಟ್ಟರು. "ಆ ಫೋನ್ ನಿಲ್ಲಿಸ್ಬೇಡ ಕಣೋ. ದಿನಾ ಮಧ್ಯಾಹ್ನ ಬರುತ್ತೆ. ನಮಸ್ಕಾರ, ಹೇಗಿದ್ದೀರಿ ಅಂತ ಕೇಳುತ್ತೆ. ಮನೆ ತುಂಬಾ ಜನ ಇದ್ದಾರೆ, ಒಬ್ಬರ ಬಾಯಲ್ಲೂ ಆ ಮಾತಿಲ್ಲ. ನಾನು ಮಂಡಿನೋವು ಹೇಳ್ಕೋತೀನಿ. ಪೂರ್ತಿ ಕೇಳಿಸ್ಕೊಂಡು ಆಮೇಲೆ ಸಾಲ ಬೇಕಾ ಅನ್ನುತ್ತೆ. ಬೇಡಪ್ಪ ಅಂತೀನಿ. ಧನ್ಯವಾದ ಅನ್ನುತ್ತೆ. ನಮ್ಮ ಸೊಸೆ ಯಾವತ್ತಾದ್ರೂ ಧನ್ಯವಾದ ಅಂದಿದ್ದಾಳಾ?"

ಒಳಗಿನಿಂದ ಒಂದು ಪಾತ್ರೆ ಜೋರಾಗಿ ಕೆಳಗೆ ಕೂತಿತು. ಕರಡಪ್ಪ ಅದನ್ನೂ ಮುದ್ರಿಸಿಕೊಂಡು ಹಿಂದೆ ಸರಿದ.

ಕೆಳಮನೆಯ ನಿವೃತ್ತ ಹೆಡ್‌ಮಾಸ್ಟರು ಎಂಜಲು ಕೈಯನ್ನು ಗಾಳಿಯಲ್ಲಿ ಹಿಡಿದುಕೊಂಡೇ ಬಾಗಿಲು ತೆಗೆದರು. ಎಡಗೈಯಲ್ಲಿ ಕರಡಿನ ಪ್ರತಿ ಇಸಿದುಕೊಂಡು ಓದತೊಡಗಿ, ಅರ್ಧಕ್ಕೇ ನಿಲ್ಲಿಸಿದರು.

"ಈ ವಾಕ್ಯ ಎಲ್ಲಿ ಮುಗಿಯುತ್ತೆ?"

"ಮುಂದಿನ ಪುಟದಲ್ಲಿ ಸಾರ್."

"ಮಧ್ಯ ಉಸಿರು ಎಲ್ಲಿ ತಗೋಬೇಕು? ನೀವು ಎಲ್ಲಿ ಓದಿದ್ದು?"

"ಸಂಜೆ ಕಾಲೇಜು ಸಾರ್."

"ಹೂಂ, ಕತ್ತಲಾಗಿರಬೇಕು," ಅಂದರು ಹೆಡ್‌ಮಾಸ್ಟರು. "ನನ್ನ ಅಭಿಪ್ರಾಯ ಬರ್ಕೊಳ್ಳಿ. ಯಂತ್ರ ಫೋನ್ ಮಾಡಿದ್ರೆ ನಾನು ಎತ್ತೋದೇ ಇಲ್ಲ, ಊಟ ಮುಂದುವರಿಯುತ್ತೆ. ಬಾಗಿಲ ಗಂಟೆ ಹೊಡೆದ್ರೆ ಏಳ್ಲೇಬೇಕು. ಅದಕ್ಕೆ ಏನು ನಿಯಮ ಮಾಡಿದ್ದೀರಿ?"

ಅದಕ್ಕೆ ನಿಯಮ ಮಾಡಿರಲಿಲ್ಲ. ಅದು ತಮ್ಮ ಇಲಾಖೆಯ ವ್ಯಾಪ್ತಿಗೆ ಬರುತ್ತದೆಯೋ ಇಲ್ಲವೋ ಎಂದು ಯೋಚಿಸುತ್ತ ಕರಡಪ್ಪ ಮಹಡಿ ಹತ್ತಿದ.

ಮೇಲಿನ ಮನೆಯಲ್ಲಿದ್ದಾಕೆ ಆಸ್ಪತ್ರೆಯ ನರ್ಸು. ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದರು. ಗಂಟೆ ಮೊದಲ ಸಲ ಕೇಳಿಸಲಿಲ್ಲ, ಎರಡನೆಯ ಸಲವೂ ಕೇಳಿಸಲಿಲ್ಲ. ಒಂದು ಮನೆ ಬಿಟ್ಟರೂ ಸಮೀಕ್ಷೆಗೆ ಮೋಸವಾದೀತು ಎಂದು ಕರಡಪ್ಪ ಗಂಟೆಯ ಮೇಲೆ ಬೆರಳಿಟ್ಟು ಹಾಗೇ ನಿಂತ. ಬಾಗಿಲು ತೆರೆದಾಗ ಕಂಡ ಮುಖ ನೋಡಿ, ಅವನು ಕಲಿತ ನೀತಿಯೆಲ್ಲ ಒಂದೇ ಏಟಿಗೆ ಮರೆತುಹೋಯಿತು.

"ಯಾರಿಗೇನಾಯ್ತು?"

"ಯಾರಿಗೂ ಏನಾಗಿಲ್ಲ ಸಿಸ್ಟರ್. ಯಂತ್ರಗಳು ಮಾಡುವ ಕರೆಗಳಿಂದ ನಿಮ್ಮ ವಿಶ್ರಾಂತಿಗೆ ಭಂಗ ಬರುತ್ತಿದೆಯೇ ಎಂದು ತಿಳಿಸಬೇಕಾಗಿ ವಿನಂತಿ."

ಆಕೆ ಬಾಗಿಲ ಚೌಕಟ್ಟಿಗೆ ಒರಗಿದರು. "ಯಂತ್ರ ಕರೆದ್ರೆ ಫೋನ್ ಆರಿಸಿ ಮಲಗ್ತೀನಿ. ನಿಮ್ಮನ್ನ ಎಲ್ಲಿ ಒತ್ತಿದ್ರೆ ಆರ್ತೀರಿ, ಹೇಳಿ."

ಅಷ್ಟರಲ್ಲಿ ಮೆಟ್ಟಿಲ ಬುಡದಿಂದ ದೊಡ್ಡಮ್ಮನ ದನಿ ಕೇಳಿಸಿತು. "ಎಲ್ಲಾ ಬನ್ರೇ, ಇಲಾಖೆಯಿಂದ ಫೋನ್ ರಿಪೇರಿ. ದುಡ್ಡಿಲ್ಲ." ಬಾಗಿಲುಗಳು ಪಟಪಟ ತೆರೆದುಕೊಂಡವು. ಒಬ್ಬರು ಒಡೆದ ಫೋನ್ ತಂದರು, ಒಬ್ಬರು ಕಿರುಚುವ ರೇಡಿಯೊ, ಇನ್ನೊಬ್ಬರು ಇಸ್ತ್ರಿಪೆಟ್ಟಿಗೆ. ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಮೆಟ್ಟಿಲ ತುಂಬ ಜನ.

ಕರಡಪ್ಪನಿಗೆ ಭಯವೂ ಆಯಿತು, ಆಸೆಯೂ ಆಯಿತು. ಸಾಮಾನ್ಯ ಜನ ಎಂದರೆ ಇವರೇ ತಾನೇ. "ಮೊದಲು ಅಭಿಪ್ರಾಯ, ಆಮೇಲೆ ರಿಪೇರಿ," ಎಂದುಬಿಟ್ಟ. ಅವನಿಗೆ ಗೊತ್ತಿದ್ದ ರಿಪೇರಿ ಒಂದೇ, ಆರಿಸಿ ಮತ್ತೆ ಹಚ್ಚುವುದು. ನಾಲ್ಕಾರು ಫೋನುಗಳಿಗೆ ಅದೇ ಮದ್ದು ಹಿಡಿಯಿತು. ಹೆಡ್‌ಮಾಸ್ಟರ ಫೋನ್ ಮಾತ್ರ ಮತ್ತೆ ಹಚ್ಚಿದ ಮೇಲೆ ಯಾರಿಗೂ ಗೊತ್ತಿಲ್ಲದ ಯಾವುದೋ ಭಾಷೆಯಲ್ಲಿ ಮಾತಾಡತೊಡಗಿತು.

"ಇದು ಯಾವ ಭಾಷೆ?" ಎಂದರು ಹೆಡ್‌ಮಾಸ್ಟರು.

"ನೋಡ್ತೀನಿ ಸಾರ್."

"ಮಗಳಿಗೆ ಫೋನ್ ಮಾಡ್ಬೇಕು ಕಣಯ್ಯಾ. ಅವಳ ಹೆಸರು ಯಾವುದು ಅಂತ ಇದರಲ್ಲಿ ಹೆಂಗೆ ಹುಡುಕ್ಲಿ?"

ಅಲ್ಲಿಂದಾಚೆಗೆ ಬಂದ ಅಭಿಪ್ರಾಯಗಳೆಲ್ಲ ಒಂದೇ ದಿಕ್ಕಿನಲ್ಲಿದ್ದವು. ಊಟ ಆರಿಹೋಯಿತೆಂದು ಒಬ್ಬರು, ಮಗು ಎದ್ದುಬಿಟ್ಟಿತೆಂದು ಒಬ್ಬರು, ಯಂತ್ರವಾಗಿದ್ದರೆ ಬೈದು ಇಡಬಹುದಿತ್ತು, ಒಂದೇ ಕಟ್ಟಡದವನನ್ನು ಬೈಯುವುದು ಹೇಗೆ ಎಂದು ಇನ್ನೊಬ್ಬರು. ಆಮೇಲೆ ಅವರೇ ಹೇಗೆಂದು ತೋರಿಸಿದರು. ಬೇರೆ ಯಾರೇ ಆಗಿದ್ದರೂ ಧ್ವನಿಮುದ್ರಕ ಆರಿಸುತ್ತಿದ್ದರು. ಕರಡಪ್ಪ ಆರಿಸಲಿಲ್ಲ. ಜನ ಹೇಳಿದ್ದನ್ನು ಕತ್ತರಿಸಬಾರದು, ತಿರುಚಬಾರದು ಎಂದು ಸಂಜೆ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಆ ಪಾಠದ ದಿನ ಅವನು ತೂಕಡಿಸಿರಲಿಲ್ಲ. ಅದೇ ಎಡವಟ್ಟಾಯಿತು. ಪ್ರತಿಯೊಬ್ಬರ ಬೈಗುಳ ಮುಗಿದ ಮೇಲೂ ಅವನು ಅದೇ ತಣ್ಣನೆಯ ದನಿಯಲ್ಲಿ, "ನಿಮ್ಮ ಅಮೂಲ್ಯ ಅಭಿಪ್ರಾಯಕ್ಕೆ ಧನ್ಯವಾದಗಳು" ಎನ್ನುತ್ತಿದ್ದ.

ಕಚೇರಿಗೆ ಓಡಿದಾಗ ಸಮಿತಿ ಆಗಲೇ ಕೂತಿತ್ತು. ಬರೆದು ಕೊಡಲು ಹೊತ್ತಿರಲಿಲ್ಲ. ನಿರ್ದೇಶಕಿ ಧ್ವನಿಮುದ್ರಕವನ್ನೇ ಮೇಜಿನ ನಡುವೆ ಇಟ್ಟು ಹಚ್ಚಿದರು. ಕರಡಪ್ಪ ಗೋಡೆಗೆ ಒತ್ತಿ ಇಟ್ಟಿದ್ದ ಕುರ್ಚಿಯ ತುದಿಯಲ್ಲಿ, ಇಂಗು ತಿಂದ ಮಂಗನ ಹಾಗೆ ಕೂತ. ದೊಡ್ಡಮ್ಮ ಬಂದರು, ಪಾತ್ರೆ ಸದ್ದು ಬಂತು, ನರ್ಸಮ್ಮ ಬಂದರು, ಬೈಗುಳ ಒಂದರ ಹಿಂದೊಂದು ಬಂತು. ಸದಸ್ಯರೊಬ್ಬರು ಕಣ್ಣೊರೆಸಿಕೊಂಡರು, ನಗುವಿಗೋ ಮರುಕಕ್ಕೋ ತಿಳಿಯಲಿಲ್ಲ.

ಧ್ವನಿಮುದ್ರಣ ಮುಗಿದಾಗ ಅಧ್ಯಕ್ಷರು ಕುರ್ಚಿಗೆ ಒರಗಿದರು. "ಜನ ಸ್ಪಷ್ಟವಾಗೇ ಹೇಳಿದ್ದಾರೆ. ಅವರಿಗೆ ತೊಂದರೆ ಯಂತ್ರದಿಂದ ಅಲ್ಲ, ಮನುಷ್ಯರಿಂದ. ಯಾರೂ ಮನೆ ಬಾಗಿಲಿಗೆ ಹೋಗಿ ಅಭಿಪ್ರಾಯ ಕೇಳಬಾರದು ಅಂತ ನಿಯಮ ತಿದ್ದಿ. ಇನ್ಮೇಲೆ ಇಲಾಖೆಯ ಪರವಾಗಿಯೂ ಯಂತ್ರವೇ ಜನರಿಗೆ ಫೋನ್ ಮಾಡಿ ಕೇಳಲಿ."

"ಊಟದ ಹೊತ್ತು ಸಾರ್?" ಕರಡಪ್ಪನ ಬಾಯಿಂದ ತಾನಾಗಿ ಬಂತು.

"ಯಾರು ಊಟ ಮಾಡ್ತಿದ್ದಾರೆ ಅಂತ ಯಂತ್ರಕ್ಕೆ ಹೇಗೆ ಗೊತ್ತಾಗ್ಬೇಕು? ಫೋನ್ ಮಾಡಿ ಕೇಳಿ ತಿಳ್ಕೊಳ್ಳಲಿ."

ಎಲ್ಲರೂ ಮೇಜು ತಟ್ಟಿದರು. ಆಮೇಲೆ ಅಧ್ಯಕ್ಷರು ನಿರ್ದೇಶಕಿಯ ಕಿವಿಯಲ್ಲಿ ಏನೋ ಹೇಳಿದರು. ನಿರ್ದೇಶಕಿ ನಗುತ್ತ ಕರಡಪ್ಪನ ಬಳಿ ಬಂದರು. ಕನ್ನಡಕ ಮೂಗಿನ ಮೇಲೇ ಇತ್ತು.

"ಅಧ್ಯಕ್ಷರಿಗೆ ತುಂಬಾ ಹಿಡಿಸಿದೆ. ಅಷ್ಟು ಬೈಸ್ಕೊಂಡ್ರೂ ಎಷ್ಟು ತಾಳ್ಮೆ, ಎಷ್ಟು ವಿನಯ ಅಂದ್ರು. ಖಾಯಂ ಮಾಡಿ ಅಂತ ಹೇಳಿದ್ದಾರೆ. ಇಲ್ಲೊಂದು ಸಹಿ ಹಾಕಿ."

ಕರಡಪ್ಪನ ಕಣ್ಣು ಮಂಜಾಯಿತು. ಒಂದು ಅಲ್ಪವಿರಾಮವನ್ನೂ ಬಿಡದೆ ಓದುವ ಮನುಷ್ಯ, ಜೀವನದಲ್ಲಿ ಮೊದಲ ಸಲ ಏನನ್ನೂ ಓದದೆ ಸಹಿ ಹಾಕಿದ.

ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಕಟ್ಟಡದವರಿಂದ ಕೇಳಬೇಕಾದ್ದನ್ನೆಲ್ಲ ಅವಳು ಆಗಲೇ ಕೇಳಿ ಮುಗಿಸಿದ್ದಳು.

"ಖಾಯಂ ಆಯ್ತಾ?"

"ಆಯ್ತು."

"ಸದ್ಯ. ಅಣ್ಣಂಗೆ ಬೇಡ ಅಂತ ಹೇಳಿಬಿಡ್ತೀನಿ."

"ಸ್ವಲ್ಪ ತಡಿ," ಎಂದ ಕರಡಪ್ಪ ಚಪ್ಪಲಿ ಬಿಡುತ್ತ. "ಖಾಯಂ ಆಗಿದ್ದು ನನ್ನ ದನಿ."

"ಅಂದ್ರೆ?"

"ಸಹಿ ಹಾಕಿದ ಕಾಗದ ದಾರೀಲಿ ಓದಿದೆ. ಫೋನ್ ಮಾಡೋ ಯಂತ್ರಕ್ಕೆ ನನ್ನ ದನಿ ಹಾಕ್ತಾರಂತೆ. ಎಲ್ಲರ ಮನೆಗೂ, ಯಾವಾಗ್ಲೂ ಅದೇ ದನಿ. ನಾನು ತಿಂಗಳ ಕೊನೆವರೆಗೆ ಇದ್ದು, ಅದಕ್ಕೆ ನಮಸ್ಕಾರ ಹೇಳೋದು ಕಲಿಸ್ಬೇಕು."

ಹೆಂಡತಿ ಅವನ ಚಪ್ಪಲಿಯನ್ನು ಮೂಲೆಗೆ ಸರಿಸಿದಳು. "ಹೋಗ್ಲಿ, ದನಿಗೆ ಸಂಬಳ ಕೊಡ್ತಾರಾ?"

"ಅದಕ್ಕಿನ್ನೂ ನಿಯಮ ಆಗಿಲ್ಲ."

"ಆ ನಿಯಮ ಮಾಡೋರು ಯಾರು?"

"ನಾನೇ," ಎಂದ ಕರಡಪ್ಪ. "ಬರೋ ವರ್ಷ ಶುರು ಮಾಡೋಣ ಅಂತಿದ್ದೆ."