ಭಾಗಿ ಸಂಖ್ಯೆ ಹದಿನೇಳರ ಕಣ್ಣು ‘ಳ’ ಅಕ್ಷರದ ಮೇಲೆ ನಿಂತುಹೋದ ಬಗ್ಗೆ

ಇಂದ:
ಭಾಗಿ ಸಂಖ್ಯೆ ೧೭ರ ಹೆಂಡತಿ,
ನಿವೃತ್ತ ಟೈಪಿಸ್ಟ್ (ಇಪ್ಪತ್ತೆಂಟು ವರ್ಷ, ಒಂದೇ ಕುರ್ಚಿ)

ಗೆ:
ಮಾನ್ಯ ಮುಖ್ಯಸ್ಥರು,
ಮೆದುಳಿನ ಸಂಕೇತಗಳ ಪ್ರಯೋಗಾಲಯ,
ಎರಡನೇ ಮಹಡಿ, ಲಿಫ್ಟ್ ಇದೆ ಎಂದು ಬರೆದಿರುವ ಕಟ್ಟಡ

ವಿಷಯ: ಭಾಗಿ ಸಂಖ್ಯೆ ೧೭ ಅವರನ್ನು ಪ್ರಯೋಗದಿಂದ ಕೈಬಿಡದಿರುವಂತೆಯೂ, ಪರದೆಯ ಮೇಲಿನ ಅಕ್ಷರಗಳನ್ನು ಈಗಿರುವಂತೆಯೇ ಉಳಿಸಿಕೊಡುವಂತೆಯೂ ಕೋರಿ.

ಉಲ್ಲೇಖ: ೧. “ಭಾಗಿಯ ಮೆದುಳಿನಲ್ಲಿ ಉಪಯುಕ್ತ ಸಂಕೇತ ಪತ್ತೆಯಾಗಿಲ್ಲ, ತಿಂಗಳ ಕೊನೆಗೆ ಕೈಬಿಡಲಾಗುವುದು” ಎಂಬ ತಮ್ಮ ಪತ್ರ.
೨. ಸದರಿ ಪತ್ರವನ್ನು ನಾನು ಹನ್ನೊಂದು ಸಲ ಓದಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ,

೧. ಸದರಿ ಭಾಗಿ ನನ್ನ ಗಂಡ. ವೃತ್ತಿಯಿಂದ ಬೋರ್ಡು ಬರೆಯುವ ಪೇಂಟರ್. ಹದಿನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು ಕೈಕಾಲೂ ಮಾತೂ ಒಟ್ಟಿಗೆ ನಿಂತುಹೋದವು. ಬುದ್ಧಿ ಮಾತ್ರ ಇದ್ದಲ್ಲೇ ಇದೆ. ರೆಪ್ಪೆ ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಇಲ್ಲ. ಇದು ನಮ್ಮ ಮನೆಯ ಸದ್ಯದ ಆಡಳಿತ ಭಾಷೆ.

೨. ಈ ಭಾಷೆಯಲ್ಲಿರುವ ತೊಂದರೆ ಏನೆಂದರೆ ಪ್ರಶ್ನೆ ಯಾವಾಗಲೂ ನನ್ನದೇ. “ರೀ, ಫ್ಯಾನ್ ಹಾಕ್ಲಾ? ಮಗ್ಗುಲು ಬದಲಿಸ್ಲಾ?” ನಾನು ಕೇಳಿದ್ದಕ್ಕೆ ಅವರು ಉತ್ತರ ಕೊಡಬಹುದು, ನಾನು ಕೇಳದೇ ಇದ್ದದ್ದನ್ನು ಹೇಳುವಂತಿಲ್ಲ. ಹದಿನಾಲ್ಕು ತಿಂಗಳಲ್ಲಿ ಅವರಾಗಿ ಒಂದು ಮಾತು ಎತ್ತಿಲ್ಲ. ಈ ಅವಧಿಯಲ್ಲಿ ಮನೆಯ ಎಲ್ಲ ವಾದಗಳನ್ನೂ ನಾನೇ ಗೆದ್ದಿರುತ್ತೇನೆ. ಗೆದ್ದು ಗೆದ್ದು ಸಾಕಾಗಿದೆ ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ.

೩. ಆದ ಕಾರಣ ತಮ್ಮ ಪ್ರಯೋಗಾಲಯಕ್ಕೆ ಬಂದೆವು. ಅಲ್ಲಿ ಪರದೆಯ ಮೇಲೆ ಚೌಕಗಳಿವೆ, ಚೌಕಕ್ಕೊಂದು ಅಕ್ಷರ. ಪ್ರತಿ ಚೌಕವೂ ತನ್ನದೇ ವೇಗದಲ್ಲಿ ಮಿನುಗುತ್ತದೆ. ಮನುಷ್ಯ ಯಾವ ಚೌಕವನ್ನು ದಿಟ್ಟಿಸುತ್ತಾನೋ ಆ ಚೌಕದ ತಾಳವನ್ನೇ ಅವನ ತಲೆಯ ಹಿಂಭಾಗದ ಮೆದುಳು ಹಿಡಿಯುತ್ತದೆ. ತಲೆಗೆ ಹಾಕಿದ ವೈರು ವೈರಿನ ಟೋಪಿ ಅದನ್ನು ಪತ್ತೆ ಹಚ್ಚಿ, ಇವನು ನೋಡಿದ್ದು ಇಂಥ ಅಕ್ಷರ ಎಂದು ಬರೆದು ತೋರಿಸುತ್ತದೆ. ಇದನ್ನೆಲ್ಲ ನನಗೆ ವಿವರಿಸಿದವರು ತಮ್ಮಲ್ಲಿ ಟೋಪಿ ಹಾಕುವ ಕೆಲಸದಲ್ಲಿರುವ ಮೇಡಂ. (ಈ ಮಾತನ್ನು ದಯವಿಟ್ಟು ನೇರ ಅರ್ಥದಲ್ಲೇ ಓದಿಕೊಳ್ಳಬೇಕಾಗಿ ಕೋರಿಕೆ. ಅವರು ನನ್ನ ವಯಸ್ಸಿನವರು, ಬಹಳ ಮರ್ಯಾದಸ್ಥರು.)

೪. ಪರೀಕ್ಷೆಯ ದಿನ ಟೋಪಿ ಮೇಡಂ, “ಸರ್, ಕ ನೋಡಿ. ಕ ಒಂದನ್ನೇ ನೋಡಿ,” ಎಂದರು. ಯಂತ್ರ ‘ಳ’ ಎಂದು ಬರೆಯಿತು. “ಈಗ ಮ ನೋಡಿ ಸರ್.” ಯಂತ್ರ ಪುನಃ ‘ಳ’ ಎಂದಿತು. ಒಟ್ಟು ನಲವತ್ತೆರಡು ಪ್ರಯತ್ನಗಳಲ್ಲಿ ಮೂವತ್ತೊಂಬತ್ತು ಸಲ ‘ಳ’ ಬಂತು. ತಮ್ಮ ಪತ್ರದಲ್ಲಿ ಇದನ್ನು ‘ಗದ್ದಲ’ ಎಂದು ಕರೆಯಲಾಗಿದೆ. ಮಾನ್ಯರೇ, ಮೂವತ್ತೊಂದು ವರ್ಷ ಈ ಮನುಷ್ಯನ ಜೊತೆ ಸಂಸಾರ ಮಾಡಿದವಳು ನಾನು. ಅದು ಗದ್ದಲ ಅಲ್ಲ, ಹಟ.

೫. ಮನೆಗೆ ಬಂದು, ದಿಂಬು ಸರಿಮಾಡಿ, ವಿಚಾರಣೆ ಆರಂಭಿಸಿದೆ.

“ರೀ, ನಿಜ ಹೇಳಿ. ಅವರು ಕ ಅಂದಾಗ ನೀವು ಕ ನೋಡಿದ್ರಾ?”

ಎರಡು ಸಲ.

“ಳ ನೋಡ್ತಾ ಇದ್ರಾ?”

ಒಂದು ಸಲ.

“ಯಾಕ್ರೀ? ಅದೇನು ಅಷ್ಟು ಚೆನ್ನಾಗಿದ್ಯಾ?”

ಎರಡು ಸಲ, ಜೋರಾಗಿ. ರೆಪ್ಪೆಯನ್ನು ಜೋರಾಗಿ ಮುಚ್ಚುವುದು ಹೇಗೆಂದು ತಾವು ಕೇಳಬಹುದು. ಅವರನ್ನು ಬಲ್ಲವರಿಗೆ ಗೊತ್ತಾಗುತ್ತದೆ.

“ಕೆಟ್ಟದಾಗಿದ್ಯಾ?”

ಒಂದು ಸಲ ಮುಚ್ಚಿದವರು ಬಹಳ ಹೊತ್ತು ತೆರೆಯಲೇ ಇಲ್ಲ.

೬. ಮಾರನೆಯ ದಿನ ಬಂದು ನಾನೇ ಪರದೆಯನ್ನು ಹತ್ತಿರದಿಂದ ಪರಿಶೀಲಿಸಿದೆ. ‘ಳ’ ಅಕ್ಷರದ ಕೊನೆಯ ಸುರುಳಿ ಚೌಕದ ಅಂಚಿಗೆ ಸಿಕ್ಕಿ ಕತ್ತರಿಸಿಹೋಗಿದೆ. ಎರಡು ವರ್ಷದಿಂದ ಅದರ ಮುಂದೆ ಕೂತವರು ಯಾರೂ ಅದನ್ನು ಗಮನಿಸಿಲ್ಲವಂತೆ. ನನ್ನ ಗಂಡನ ಸ್ವಭಾವ ಹಾಗಲ್ಲ. ಕೆಟ್ಟ ಅಕ್ಷರ ಕಂಡರೆ ಅವರ ಕಣ್ಣು ಅಲ್ಲಿಂದ ಕದಲುವುದಿಲ್ಲ. ನಿಲ್ದಾಣದ ಬೋರ್ಡಿನಲ್ಲಿ ಎರಡು ಅಕ್ಷರಗಳ ನಡುವೆ ಜಾಗ ಹೆಚ್ಚಾಗಿದೆ ಎಂದು ನಿಂತು ನೋಡುತ್ತ ನಾವು ರೈಲು ತಪ್ಪಿಸಿಕೊಂಡಿದ್ದೇವೆ. ನಮ್ಮ ಮದುವೆಯ ಹದಿನೆಂಟು ಫೋಟೋಗಳ ಪೈಕಿ ಹದಿನಾರರಲ್ಲಿ ಅವರು ನೋಡುತ್ತಿರುವುದು ನನ್ನನ್ನಲ್ಲ, ಸಭಾಂಗಣದ ಬಾಗಿಲ ಮೇಲಿನ ಬೋರ್ಡನ್ನು. ಆಗ ನನಗೆ ಬಂದಿದ್ದ ಸಿಟ್ಟು ಇಷ್ಟು ವರ್ಷದ ಮೇಲೆ ಸಾಕ್ಷ್ಯವಾಗಿ ಉಪಯೋಗಕ್ಕೆ ಬಂದಿದೆ.

೭. ಈಗ ತಪ್ಪೊಪ್ಪಿಗೆ. ತಮ್ಮ ಅನುಮತಿ ಇಲ್ಲದೆ, ಕಳೆದ ಗುರುವಾರ ಮಧ್ಯಾಹ್ನ, ಟೋಪಿ ಮೇಡಂ ಅವರಿಂದ ನಾನು ‘ಳ’ವನ್ನು ಬದಲು ಮಾಡಿಸಿದೆ. ಕೂಡಲೇ ನನ್ನ ಗಂಡನ ಕಣ್ಣು ‘ಥ’ಕ್ಕೆ ಹೋಗಿ ಕೂತಿತು. ಕೆಟ್ಟದ್ದರಲ್ಲಿ ಅದಕ್ಕೆ ಎರಡನೇ ಸ್ಥಾನವಂತೆ. ಆಮೇಲೆ ‘ಣ’. ಆದ ಕಾರಣ, ಬಿಡಿಬಿಡಿಯಾಗಿ ತಿದ್ದಿ ಪ್ರಯೋಜನವಿಲ್ಲ ಎಂದು ಮನಗಂಡು, ಗಿರಾಕಿಗಳಿಗೆ ತೋರಿಸಲೆಂದು ಅವರೇ ಹಿಂದೆ ಬರೆದಿಟ್ಟಿದ್ದ ಅಕ್ಷರಗಳ ಮಾದರಿ ಹಾಳೆಗಳನ್ನು ಮನೆಯಿಂದ ತಂದುಕೊಟ್ಟೆ. ಟೋಪಿ ಮೇಡಂ ಅವನ್ನು ಸ್ಕ್ಯಾನ್ ಮಾಡಿ ಚೌಕಗಳಲ್ಲಿ ಕೂರಿಸಿದರು. ತಪ್ಪು ಪೂರ್ತಿ ನನ್ನದು. ಅವರು ಮಾಡಿದ್ದು ಟೈಪಿಸ್ಟ್ ಕೊಟ್ಟ ಕರಡನ್ನು ಒಪ್ಪಿದ್ದು ಮಾತ್ರ.

೮. “ಸರ್, ಈಗ ನಿಮಗೆ ಏನು ಬೇಕೋ ಅದು ಬರೀರಿ,” ಎಂದರು ಮೇಡಂ. ಪರದೆ ಮಿನುಗಲು ಶುರುವಾಯಿತು. ಒಂದೊಂದು ಅಕ್ಷರಕ್ಕೂ ಎಂಟು ಸೆಕೆಂಡು. ಮೊದಲು ಬಂದದ್ದು: “ಳ ಸರಿಯಾಯ್ತು.” ನಂತರ: “ಲಿಫ್ಟ್ ಬೋರ್ಡು ಯಾರು ಬರೆದದ್ದು.” ಟೋಪಿ ಮೇಡಂ ನಕ್ಕರು. ನಾನು ನಗುತ್ತಿದ್ದೇನೆ ಎಂದುಕೊಂಡಿದ್ದೆ, ಮೇಡಂ ಕರವಸ್ತ್ರ ಕೊಟ್ಟಾಗ ಅಲ್ಲವೆಂದು ತಿಳಿಯಿತು. ಹದಿನಾಲ್ಕು ತಿಂಗಳ ಮೇಲೆ ನನ್ನ ಗಂಡ ತಾವಾಗಿ ಮಾತು ತೆಗೆದಿದ್ದರು. ಅದೂ ತಕರಾರು. ನನಗೆ ಆದ ಸಂತೋಷವನ್ನು ಬರೆಯಲು ಅರ್ಜಿಯ ನಮೂನೆಯಲ್ಲಿ ಜಾಗವಿಲ್ಲ.

೯. ಆಮೇಲೆ ಅವರು ನನ್ನ ಕಡೆ ಒಮ್ಮೆ ನೋಡಿ, ಕಣ್ಣನ್ನು ಪರದೆಗೆ ತಿರುಗಿಸಿ, “ಅವತ್ತು ನೀನು” ಎಂದು ಬರೆದರು. ಅಷ್ಟರಲ್ಲಿ ಐದು ಗಂಟೆಯಾಗಿ, ತಮ್ಮ ಕಾವಲುಗಾರರು ನಿಯಮದಂತೆ ಮಹಡಿಯ ವಿದ್ಯುತ್ ಆರಿಸಿದರು. ಮರುದಿನ ಬೆಳಿಗ್ಗೆ ತಮ್ಮ ಪತ್ರ ಕೈಸೇರಿತು.

೧೦. ಅಂದಿನಿಂದ ಆರು ದಿನವಾಯಿತು. ಯಾವತ್ತು, ನಾನು ಏನು ಎಂದು ಮನೆಯಲ್ಲೇ ಪತ್ತೆ ಹಚ್ಚಲು ಪ್ರಯತ್ನಿಸಿರುತ್ತೇನೆ.

“ಮದುವೆ ದಿನಾನಾ?” ಎರಡು ಸಲ. “ನಿಮ್ಮಕ್ಕನ ಹತ್ರ ಜಗಳ ಆಡಿದ್ನಲ್ಲ, ಆವತ್ತಾ?” ಎರಡು ಸಲ. “ನಿಮ್ಮ ಒಳ್ಳೇ ಬ್ರಷ್ಷಲ್ಲಿ ಕಿಟಕಿ ಧೂಳು ಹೊಡೆದಿದ್ದು?” ಈ ಸಲ ರೆಪ್ಪೆ ಅಲುಗಲಿಲ್ಲ. ಕಣ್ಣು ಅಗಲವಾಯಿತು. ಆ ವಿಷಯ ಅವರಿಗೆ ಇದುವರೆಗೆ ಗೊತ್ತಿರಲಿಲ್ಲ.

ಹೀಗೆ ಸುಮಾರು ಐವತ್ತು ದಿನಗಳನ್ನು ವಿಚಾರಿಸಿದ್ದು, ಅವತ್ತು ಯಾವತ್ತು ಎಂಬುದು ತಿಳಿದುಬಂದಿಲ್ಲ. ಬದಲಿಗೆ ನನ್ನ ಕಡೆಯ ಆರು ಹಳೆಯ ತಪ್ಪುಗಳು ನನ್ನ ಬಾಯಿಂದಲೇ ಹೊರಬಿದ್ದಿವೆ. ಅವರು ಬಹಳ ಖುಷಿಯಲ್ಲಿದ್ದಾರೆ. ನಾನು ಇದೇ ರೀತಿ ಮುಂದುವರಿದರೆ ಸಂಸಾರದ ಮರ್ಯಾದೆ ಉಳಿಯುವುದಿಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಗಾಗಿ, (ಅ) ಭಾಗಿ ಸಂಖ್ಯೆ ೧೭ ಅವರನ್ನು ಪ್ರಯೋಗದಲ್ಲಿ ಮುಂದುವರಿಸಬೇಕಾಗಿಯೂ, (ಆ) ಅವರ ಮಾದರಿ ಹಾಳೆಯ ಅಕ್ಷರಗಳನ್ನೇ ಪರದೆಯ ಮೇಲೆ ಉಳಿಸಬೇಕಾಗಿಯೂ, (ಇ) ಟೋಪಿ ಮೇಡಂ ಅವರ ಮೇಲೆ ಯಾವುದೇ ಕ್ರಮ ಕೈಗೊಳ್ಳಬಾರದಾಗಿಯೂ ಪ್ರಾರ್ಥಿಸುತ್ತೇನೆ. ಇವು ಮೂರೂ ಆಗದ ಪಕ್ಷದಲ್ಲಿ, ಕನಿಷ್ಠ ಅರ್ಧ ಗಂಟೆಯ ಒಂದು ಬೈಠಕ್ಕಾದರೂ ಮಂಜೂರು ಮಾಡಿ, ಆ ವಾಕ್ಯವನ್ನು ಮುಗಿಸಲು ಅವಕಾಶ ಕೊಡಬೇಕು. ಅದು ಬೈಗುಳವಾಗಿದ್ದರೂ ಅರ್ಜಿದಾರಳ ಆಕ್ಷೇಪಣೆ ಇರುವುದಿಲ್ಲ.

ಇಂತಿ, ತಮ್ಮ ಉತ್ತರಕ್ಕಾಗಿ ಬಾಗಿಲ ಕಡೆ ಕಿವಿಯಿಟ್ಟಿರುವ,
ತಮ್ಮ ವಿಶ್ವಾಸಿ
(ಸಹಿ)

ಲಗತ್ತುಗಳು:
೧. ಮದುವೆಯ ಫೋಟೋ, ಒಂದು. (ಉಳಿದ ಹದಿನೈದೂ ಹೀಗೇ ಇವೆ.)
೨. ಅಕ್ಷರಗಳ ಮಾದರಿ ಹಾಳೆಗಳ ನಕಲು.
೩. ಗುರುವಾರ ಯಂತ್ರ ಬರೆದ ಮೂರು ಸಾಲುಗಳು. ಮೂರನೆಯದು ಅಪೂರ್ಣ.

ಟಿಪ್ಪಣಿ: ಎರಡು ಅಕ್ಷರ ಬರೆದರೆ ಉಳಿದ ಮಾತನ್ನು ತಾನೇ ಊಹಿಸಿ ಮುಗಿಸಿಕೊಡುವ ಸೌಲಭ್ಯವೂ ತಮ್ಮ ಯಂತ್ರದಲ್ಲಿ ಇದೆ ಎಂದು ತಿಳಿದುಬಂದಿದೆ. ಬೈಠಕ್ಕಿನ ದಿನ ದಯವಿಟ್ಟು ಅದನ್ನು ನಿಲ್ಲಿಸಿಡಬೇಕು. ಹದಿನಾಲ್ಕು ತಿಂಗಳಿಂದ ಅವರ ಮಾತುಗಳನ್ನೆಲ್ಲ ನಾನೇ ಊಹಿಸಿದ್ದೇನೆ. ಈ ಒಂದನ್ನು ಅವರೇ ಮುಗಿಸಲಿ, ತಡವಾದರೂ ಪರವಾಗಿಲ್ಲ.