ಅತ್ತೆ ಜೀಕಿದರೆ ಮಾತ್ರ ಓಡುವ ರೈಲು

ಇಡೀ ಹರಿಹರ ತಾಲ್ಲೂಕಿನಲ್ಲಿ ಅತಿ ಹೆಚ್ಚು ಸಲ ತಲೆಕೆಳಗಾದ ಹೆಂಗಸು ಯಾರು ಅಂತ ನೀವು ನನ್ನನ್ನು ಕೇಳಿದರೆ, ಹಿಂದೆ ಮುಂದೆ ನೋಡದೆ ನಮ್ಮತ್ತೆ ಕಡೆ ಬೆರಳು ತೋರಿಸುತ್ತೇನೆ. ಹೆಸರು ಮಾತ್ರ ಹೇಳೋದಿಲ್ಲ. ಹೇಳಿದೆ ಅಂತ ಗೊತ್ತಾದರೆ ನನ್ನನ್ನೇ ತಲೆಕೆಳಗು ಮಾಡಿ ನೇತು ಹಾಕ್ತಾಳೆ! ನಮ್ಮಪ್ಪನ ತಂಗಿ. ಹರಿಹರಕ್ಕೆ ಕೊಟ್ಟಿದ್ದರಿಂದ ನಮಗೆಲ್ಲ ಹರಿಹರದತ್ತೆ. ಹಣೆ ತುಂಬ ವಿಭೂತಿ, ಇಳಕಲ್ ಸೀರೆ, ಮೊಮ್ಮಗಳಿಗೆ ಗಂಡು ನೋಡುವ ವಯಸ್ಸು. ಇಂಥವಳಿಗೆ ಎಂಥ ಹುಚ್ಚಿರಬೇಕು ಹೇಳಿ? ಧಾರಾವಾಹಿಯದ್ದೇ? ಬಂಗಾರದ್ದೇ? ಊಹೂಂ! ರೋಲರ್ ಕೋಸ್ಟರಿನದು!

ಹೌದ್ರಿ, ಅದೇ. ಥೀಮ್ ಪಾರ್ಕುಗಳಲ್ಲಿ ಮನುಷ್ಯರನ್ನು ಕಟ್ಟಿ ಕೂರಿಸಿ, ಕಟಕಟ ಅಂತ ಆಕಾಶಕ್ಕೆ ಎಳೆದೊಯ್ದು, ಅಲ್ಲಿಂದ ಎತ್ತಿ ಒಗೆಯುತ್ತದಲ್ಲ, ಆ ರೈಲು. ನಾನಂತೂ ಅದರ ಫೋಟೋ ನೋಡಿದರೂ ಬೆವರುವ ಆಸಾಮಿ. ನಮ್ಮ ಮಾವನೂ ನನ್ನ ಪಂಗಡವೇ. ಸ್ವಂತ ಮನೆಯ ಮಾಳಿಗೆ ಮೇಲೂ ಗೋಡೆ ಹಿಡಿದು ನಿಲ್ಲುವ ಜೀವ. ಹಾಗಾಗಿ ಅತ್ತೆ ಹೊರಟಾಗಲೆಲ್ಲ ದಾವಣಗೆರೆಯ ನಿಟ್ಟುವಳ್ಳಿಯಲ್ಲಿರುವ ನನ್ನ ಸ್ಟೇಷನರಿ ಅಂಗಡಿಗೆ ಬಾಗಿಲು ಬೀಳುತ್ತದೆ. ಜೊತೆಗೆ ಹೋಗಿ ನಾನು ಮಾಡುವ ಕೆಲಸ ಏನು? ಕೆಳಗೆ ನಿಂತು ಅವಳ ಚೀಲ ಹಿಡಿಯೋದು.

ಇದೆಲ್ಲ ಶುರುವಾಗಿದ್ದು ಮಹಿಳಾ ಸಂಘದ ಯಾತ್ರೆಯಿಂದ. ದೇವಸ್ಥಾನಕ್ಕೆ ಹೊರಟ ಬಸ್ಸು, ಮಕ್ಕಳು ಹಟ ಹಿಡಿದವು ಅಂತ ಬೆಂಗಳೂರಿನ ಹತ್ತಿರದ ಒಂದು ಪಾರ್ಕಿನ ಮುಂದೆ ನಿಂತಿತು. ಮಿಕ್ಕ ಹೆಂಗಸರು ನೆರಳು ಹುಡುಕಿಕೊಂಡು ಮಂಡಕ್ಕಿ ಗಂಟು ಬಿಚ್ಚಿದರೆ, ಅತ್ತೆ ಮಾತ್ರ ಆ ರೈಲು ಹತ್ತಿದಳು. ಇಳಿದವಳೇ ಮತ್ತೆ ಹತ್ತಿದಳು. ಮತ್ತೆ ಇಳಿದು ಮತ್ತೆ ಹತ್ತಿದಳು! ಸಂಘದ ಅಧ್ಯಕ್ಷೆ ಬಂದು, "ಅಕ್ಕಾರೇ, ಗುಡಿ ಬಾಗಲಾ ಹಾಕ್ತಾರೆ, ಬರ್ರಿ" ಅಂತ ಕೈ ಮುಗಿದರೆ ಅತ್ತೆ ಏನಂದಳು ಗೊತ್ತೆ? "ದೇವರು ನಾಳೆನೂ ಇರ್ತಾನೆ. ಈ ರೈಲು ಐದಕ್ಕ ಬಂದ್ ಆಗ್ತತಂತೆ!" ಮರುವರ್ಷದ ಯಾತ್ರೆಗೆ ಸಂಘದವರು ಅವಳಿಗೆ ಹೇಳಲೇ ಇಲ್ಲ.

ಅತ್ತೆಗೆ ಅದರ ಅಳತೆಯೂ ಬೇರೆಯೇ. ರೈಲು ಮೇಲಿಂದ ಬೀಳುವಾಗ ಎದೆ ಝಲ್ಲೆನ್ನುತ್ತದಲ್ಲ, ಆ ಝಲ್ಲನ್ನು ಅವಳು ಜೋಳ ಅಳೆದ ಹಾಗೆ ಅಳೆಯುತ್ತಾಳೆ. ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಬಸ್ಸು ಬಾತಿ ಹತ್ತಿರ ಹಂಪ್ ಹಾರಿದರೆ ಚಟಾಕು ಝಲ್ಲು. ವಸ್ತುಪ್ರದರ್ಶನದ ಜೈಂಟ್ ವ್ಹೀಲು ಪಾವು ಝಲ್ಲು. ಪಾರ್ಕಿನ ರೈಲುಗಳಿಗೆ ಅವಳೇ ನಾಮಕರಣ ಮಾಡಿದ್ದಾಳೆ. ಮಕ್ಕಳನ್ನು ಕೂರಿಸುವ ಮೆತ್ತನೆಯದು "ಎಮ್ಮೆ". ಮೈ ತಿರುಚಿಕೊಂಡು ಹೋಗುವುದು "ಹಾವು", ಅದು ಅಚ್ಚೇರು. ಪೂರಾ ಸೇರು ಝಲ್ಲು ಕೊಡುವುದು ಒಂದೇ ಒಂದು, ಎತ್ತರದ್ದು, ಕರೇದು, ಸುತ್ತು ಹೊಡೆದು ತಲೆಕೆಳಗಾಗುವುದು. ಅದು "ಹೋರಿ". ಅತ್ತೆಯ ಪ್ರಾಣ ಇರುವುದೇ ಅದರಲ್ಲಿ.

ಒಮ್ಮೆ ಭಾನುವಳ್ಳಿಯ ಬೀಗರು ಬಂದು ಕೂತಿದ್ದರು. ಅತ್ತೆ ಕಾಫಿ ಕೊಡುತ್ತಾ, "ಏನ್ ಹೋರಿ ಅಂತೀರಿ ಬೀಗರೇ! ಮೈ ಹೆಂಗ್ ಮಿಂಚ್ತತೆ, ಏನ್ ಓಟ!" ಅಂತ ಶುರು ಮಾಡಿದಳು. ದನ ಅಂದರೆ ಕಿವಿ ನಿಮಿರುವ ಬೀಗರು ಕಾಫಿ ಕೆಳಗಿಟ್ಟು, "ಎಷ್ಟು ಹಲ್ಲಿಂದ್ರಿ?" ಅಂತ ಅದರ ವಯಸ್ಸು ಕೇಳಿದರು.

"ಹಲ್ಲೆಲ್ಲೈತೆ ಬೀಗರೇ, ಅದಕ್ಕೆ ಗಾಲಿ ಅದಾವು!"

ಬೀಗರು ಕಾಫಿ ಕುಡಿಯದೇ ಎದ್ದು ಹೋದರು ಅಂತ ಮಾವ ಈಗಲೂ ಹೇಳ್ತಾರೆ.

ಅವಳು ಹೋರಿ ಹತ್ತುವ ಚಂದ ನೋಡಬೇಕು ನೀವು! ನಾಟಿಗೆ ಇಳಿಯುವವರ ಹಾಗೆ ಸೀರೆ ಕಚ್ಚೆ ಹಾಕಿ, ರೈಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಮುಂದಿನ ಸೀಟಿನಲ್ಲೇ ಕೂರುತ್ತಾಳೆ. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ಮೊದಲ ಸಲ ಅದನ್ನು ಕಂಡ ಗೇಟಿನವನು, "ಅಮ್ಮಾ, ಲೂಸ್ ಐಟಮ್ ಏನೂ ಇರಬಾರದು, ಅದನ್ನ ತೆಗೆದಿಡಿ" ಅಂದುಬಿಟ್ಟ. ಅತ್ತೆ ಸೊಂಟದ ಮೇಲೆ ಕೈ ಇಟ್ಟಳು. ನನಗೆ ಗೊತ್ತಾಯಿತು, ಇವತ್ತು ಇವನ ಕಥೆ ಮುಗೀತು.

"ಲೂಸು? ತಮ್ಮಾ, ಇದು ನಾ ಹುಟ್ಟಿದಾಗ ಕಟ್ಟಿದ್ದು, ನಾ ಮಣ್ಣಿಗೆ ಹೋಗಾಗ್ಲೂ ನನ್ನ ಜೊತೀಗೇ ಬರೋದು. ನಿನ್ನ ರೈಲಿನ ನಟ್ಟು ಬೋಲ್ಟು ಲೂಸ್ ಐತೇನು ನೋಡ್ಕ್ಯ ಹೋಗು!"

ಪಾಪ, ಅವನು ನಿಜವಾಗಲೂ ಹಳಿ ಕಡೆ ಒಮ್ಮೆ ನೋಡಿದ. ಕೊನೆಗೆ ಕರಡಿಗೆಯನ್ನು ಸೆರಗಿನೊಳಗೆ ಬಿಗಿದು ಕಟ್ಟಿದ ಮೇಲೆ ಬಿಟ್ಟ. ಆದರೆ ಅದೇ ಲಿಂಗದಿಂದ ನನಗೊಂದು ಪೀಕಲಾಟ ಗಂಟು ಬಿತ್ತು. ಅರವತ್ತು ದಾಟಿದವರಿಗೆ ಪ್ರವೇಶ ಇಲ್ಲ ಅಂತ ಬೋರ್ಡಿತ್ತು. ವಯಸ್ಸು ಕೇಳಿದರೆ ಅತ್ತೆ ನನ್ನ ಕಡೆ ತಿರುಗುತ್ತಾಳೆ. "ನೀ ಹೇಳು. ಕೊರಳಾಗ ಲಿಂಗ ಐತೆ, ನಾ ಸುಳ್ಳು ಹೇಳಂಗಿಲ್ಲ." ಅಂದರೆ ಸುಳ್ಳು ನನ್ನದು, ಸವಾರಿ ಅವಳದು! ಪ್ರತಿ ಸಲವೂ "ಐವತ್ತೆಂಟು" ಅಂತ ಹೇಳಿ ಹೇಳಿ ನನಗೇ ಅದು ನಿಜ ಅನ್ನಿಸಿಬಿಟ್ಟಿತ್ತು.

ಮೇಲೆ ಎಲ್ಲರೂ ಬಾಯಿ ಬಾಯಿ ಬಡಕೊಂಡರೆ ಅತ್ತೆ ಕಿಟಾರನೆ ಕಿರುಚುವವಳಲ್ಲ. ಅವಳು ಜೀಕುತ್ತಾಳೆ. ಹೌದು, ಪಂಚಮಿ ಹಬ್ಬದ ಜೋಕಾಲಿಯಲ್ಲಿ ಮೊಣಕಾಲು ಮಡಚಿ, ಮೈ ಮುಂದಕ್ಕೆ ನೂಕಿ ಜೀಕುತ್ತಾರಲ್ಲ, ಥೇಟ್ ಹಾಗೆ. ಹೋರಿ ಸುತ್ತು ಹೊಡೆದು ಮೇಲೇರುವುದು ತಾನು ಜೀಕುವುದರಿಂದಲೇ ಅಂತ ಅವಳ ಗಟ್ಟಿ ನಂಬಿಕೆ. "ಅತ್ತೆ, ಅದು ಮೋಟಾರಿನಿಂದ ಓಡ್ತತೆ" ಅಂತ ನಾನು ತಿಳಿಸಿ ಹೇಳುತ್ತಿದ್ದೆ. ಒಂದು ಸಲ ಅವಳಿಗೆ ಸೊಂಟ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಏರುವಾಗಲೇ ಕರೆಂಟು ಹೋಯಿತು, ಹೋರಿ ಅರ್ಧಕ್ಕೆ ನಿಂತಿತು! ಮೆಟ್ಟಿಲಿಂದ ಇಳಿದು ಬಂದವಳು ನನ್ನ ಮುಖಕ್ಕೆ ಬೆರಳು ಹಿಡಿದು, "ನೋಡಿದ್ಯಾ? ನಾ ಜೀಕಲಿಲ್ಲ" ಅಂದಳು. ಅವತ್ತಿನಿಂದ ಮೋಟಾರಿನ ಮಾತು ನಾನು ಎತ್ತಿಲ್ಲ.

ಅವಳಿಗೆ ಈ ಜೀಕುವ ಚಟ ಹತ್ತಿದ್ದು ನಮ್ಮ ಮನೆ ಮುಂದಿನ ಬೇವಿನ ಮರದಲ್ಲಿ. ನಿಟ್ಟುವಳ್ಳಿ ಇನ್ನೂ ಹಳ್ಳಿಯಾಗಿದ್ದಾಗ ಪಂಚಮಿಗೆ ಅಲ್ಲಿ ಜೋಕಾಲಿ ಕಟ್ಟುತ್ತಿದ್ದರು. ತವರಿಗೆ ಬಂದ ಅತ್ತೆ ನಿಂತು ಜೀಕಿದರೆ ಮೇಲಿನ ಕೊಂಬೆಯ ಎಲೆ ಬಾಯಲ್ಲಿ ಕಚ್ಚಿಕೊಂಡೇ ಕೆಳಗೆ ಬರುತ್ತಿದ್ದಳಂತೆ. ನನ್ನನ್ನು ತೊಡೆ ಮೇಲೆ ಕೂರಿಸಿಕೊಂಡು "ಜೀಕೋ ತಮ್ಮಾ, ಜೀಕೋ!" ಅಂದರೆ ನಾನು ಸೂರು ಹಾರಿಹೋಗುವ ಹಾಗೆ ಅಳುತ್ತಿದ್ದೆ. ಈಗ ಆ ಮರ ಇಲ್ಲ, ಬೈಕ್ ಗ್ಯಾರೇಜು ಐತೆ. ಪಂಚಮಿಗೆ ಬಂದರೆ ಅತ್ತೆ ಗ್ಯಾರೇಜಿನ ಮುಂದೆ ನಿಂತು ಸ್ವಲ್ಪ ಹೊತ್ತು ಮೇಲೆ ನೋಡುತ್ತಾಳೆ.

ಹೋದ ವರ್ಷ ಅವಳು ಅಡುಗೆಮನೆಯಲ್ಲಿ ತಲೆ ತಿರುಗಿ ಬಿದ್ದಳು. ದಾವಣಗೆರೆಯ ಆಸ್ಪತ್ರೆಯಲ್ಲಿ ಎದೆಗೆ ಪೇಸ್‌ಮೇಕರ್ ಕೂರಿಸಿದರು. "ಇನ್ನು ಮೇಲೆ ಜರ್ಕ್ ಆಗೋದು ಏನೂ ಬ್ಯಾಡ್ರಿ, ಅಜ್ಜಿ" ಅಂದರು ಡಾಕ್ಟರು.

"ಹೋರಿ ಹತ್ತಂಗಿಲ್ಲೇನ್ರಿ?"

"ಹೋರೀನಾ?!"

"ಹೋಗ್ಲಿ ಬಿಡ್ರಿ. ಎಮ್ಮೆನಾರ ಹತ್ತಬಹುದಾ?"

ಡಾಕ್ಟರು ನನ್ನನ್ನು ಹೊರಗೆ ಕರೆದು, "ಇವರಿಗೆ ಮರೆವು ಶುರುವಾಗಿ ಎಷ್ಟು ದಿನ ಆಯ್ತು?" ಅಂತ ಕೇಳಿದರು.

ನಗು ಅಲ್ಲಿಗೇ ಮುಗಿಯಿತು. ಮನೆಗೆ ಬಂದ ಅತ್ತೆ ಮಂಕಾದಳು. ಊಟ ಕಮ್ಮಿಯಾಯಿತು, ಮಾತು ಕಮ್ಮಿಯಾಯಿತು. ನಾನು ಹೋದಾಗಲೆಲ್ಲ ಒಂದೇ ಮಾತು: "ಒಂದೇ ಒಂದ್ ಸಲ, ತಮ್ಮಾ. ಕೊನೇದು. ಆಮ್ಯಾಲೆ ಕೇಳಿದ್ರೆ ಹೇಳು." ಎಷ್ಟು ದಿನ ಅಂತ ತಡೆಯಲಿ? ಬರೀ ದೂರದಿಂದ ತೋರಿಸಿಕೊಂಡು ಬರೋಣ ಅಂತ ಕರಕೊಂಡು ಹೋದೆ. ಹೋರಿಯನ್ನು ಕಂಡದ್ದೇ ತಡ, ಅತ್ತೆ ನನ್ನ ಕೈ ಬಿಡಿಸಿಕೊಂಡು ಸೀದಾ ಗೇಟಿಗೆ ನಡೆದಳು.

ಗೇಟಿನವನು ಕೇಳಿದ: "ಹಾರ್ಟ್ ಪ್ರಾಬ್ಲಮ್ ಏನಾದ್ರೂ ಇದೆಯಾ ಅಮ್ಮ?"

ಅತ್ತೆಯ ಕೈ ಕರಡಿಗೆ ಮೇಲೆ ಹೋಯಿತು. ಕಣ್ಣು ನನ್ನ ಮೇಲೆ ಬಂತು. ಸುಳ್ಳು ನನ್ನ ಪಾಲಿನದಲ್ಲವೇ? "ಇಲ್ಲ" ಅಂತ ಒಂದು ಮಾತು ಅಂದಿದ್ದರೆ ಸಾಕಿತ್ತು. ಅವಳಿಲ್ಲದ ಪಂಚಮಿ ಕಣ್ಣ ಮುಂದೆ ಬಂತು.

"ಐತ್ರಿ" ಅಂದೆ. "ಎದೆಯಾಗ ಮಷೀನ್ ಕೂರಿಸ್ಯಾರೆ."

ಅವನು ಕೈ ಅಡ್ಡ ಹಿಡಿದ. ಅತ್ತೆ ನನ್ನನ್ನು ಬೈಯಲಿಲ್ಲ. ಹೋರಿಯನ್ನೇ ನೋಡುತ್ತಾ ನಿಂತಳು. ಆಮೇಲೆ ಕೈ ಚಾಚಿ, "ಚೀಲ ಕೊಡು ಇಲ್ಲಿ" ಅಂದಳು. ಕೊಟ್ಟೆ.

"ನೀ ಹತ್ತು."

"ಅತ್ತೇ! ನಾನಾ?"

"ನಿನ್ನ ಎದೆಯಾಗ ಮಷೀನ್ ಇಲ್ಲಲ್ಲ? ಎದೇನೂ ಇಲ್ಲ ಅನ್ನಬ್ಯಾಡ ಮತ್ತೆ."

ಹೇಗೆ ಹತ್ತಿದೆನೋ ಶಿವನೇ ಬಲ್ಲ. ಮುಂದಿನ ಸೀಟು, ಅವಳದೇ. ಕಟಕಟ ಅಂತ ಹೋರಿ ಏರತೊಡಗಿತು. ನಾನು ಕಣ್ಣು ಮುಚ್ಚಿ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ತುದಿಯಲ್ಲಿ ಅದು ಒಂದು ಗಳಿಗೆ ನಿಂತ ಹಾಗಾದಾಗ ಕಣ್ಣು ಬಿಟ್ಟೆ. ಕೆಳಗೆ, ಬೇಲಿಯ ಆಚೆ ಅತ್ತೆ ಕಂಡಳು. ಹೆಗಲಿಗೆ ಚೀಲ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಎರಡೂ ಕೈ ಮೇಲೆತ್ತಿ, ಇಲ್ಲದ ಹಗ್ಗ ಹಿಡಿದು, ಮೊಣಕಾಲು ಮಡಚಿ ಏಳುತ್ತಿದ್ದಳು, ಮಡಚಿ ಏಳುತ್ತಿದ್ದಳು. ಸುತ್ತ ನಿಂತ ಜನ ಅವಳನ್ನೇ ನೋಡುತ್ತಿದ್ದರು. "ಜೀಕೋ ತಮ್ಮಾ, ಜೀಕೋ!" ಅನ್ನುವುದು ಕೇಳಿಸಿತೋ, ಕೇಳಿಸಿದ ಹಾಗಾಯಿತೋ, ಗೊತ್ತಿಲ್ಲ. ಹೋರಿ ಬಿತ್ತು. ನಾನು ಜೀಕಿದೆ. ಅಳುತ್ತಾ, ಕಿರುಚುತ್ತಾ, ನನಗೆ ಬಂದ ಹಾಗೆ ಜೀಕಿದೆ.

ಕಂಬಿ ಹಿಡಿದುಕೊಂಡು ಇಳಿದು ಬಂದೆ. ಅತ್ತೆ ಬಂದು ಸೆರಗಿನಿಂದ ನನ್ನ ಮುಖ ಒರೆಸಿದಳು. ವರ್ಷದಿಂದ ಮಂಕಾಗಿದ್ದ ಅವಳ ಮುಖ ಕೆಂಪಗೆ ಅರಳಿತ್ತು, ಏದುಸಿರು ಬಿಡುತ್ತಿದ್ದಳು.

"ಎಷ್ಟಾತು?"

"ಸೇರು, ಅತ್ತೆ. ಪೂರಾ ಸೇರು."

"ನಂಗೂ ಅಷ್ಟೇ ಆತು ನೋಡು!" ಅಂದವಳು ಚೀಲವನ್ನು ಮತ್ತೆ ಹೆಗಲಿಗೇರಿಸಿದಳು. "ಹೋಗು, ಇನ್ನೊಂದ್ ಸಲ ಹತ್ತು. ಆ ಕೊನೇ ತಿರುವಿನಾಗ ನೀ ಜೀಕಲೇ ಇಲ್ಲ. ನಾನೊಬ್ಬಳೇ ಕೆಳಗಿಂದ ಎಷ್ಟೂಂತ ಜೀಕಲಿ?"

ನಾನು ಹೋಗಿ ಮತ್ತೆ ಸಾಲಿನಲ್ಲಿ ನಿಂತೆ.