ಜರ್ಮನ್ ಪಿಟೀಲಿಗೆ ಕೊಪ್ಪಳದ ಕಿವಿ

ಒಳ್ಳೆಯದೇನೋ ಸಿಕ್ಕಿತೆಂದು ಊರಿಗೆಲ್ಲ ಹಂಚಲು ಹೊರಟವನಿಗೆ ಫಜೀತಿ ತಪ್ಪಿದ್ದಲ್ಲ. ನಿಜಾಮರ ಕಾಲದಲ್ಲಿ, ಕೊಪ್ಪಳದಲ್ಲಿ ಮಾಸ್ತರನಾಗಿದ್ದ ನಾನು ಸಿಕಂದರಾಬಾದಿನ ಹರಾಜಿನಲ್ಲಿ ಒಂದು ಗ್ರಾಮಫೋನು ತಂದೆ. ಜೊತೆಗೆ ಹಿಂದಿನ ಶತಮಾನದ ಜರ್ಮನ್ ಸಂಗೀತದ ಪ್ಲೇಟುಗಳು. ಪ್ರೇಮ, ವಿರಹ, ಬಿರುಗಾಳಿ ಎಲ್ಲವೂ ಅದರಲ್ಲಿ! ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ಅಪ್ಪ ಮಾತ್ರ ಅಪ್ಪಣೆ ಮಾಡಿದರು: "ಊರಾಗ ಒಬ್ಬರರ ಇದನ್ನ ಮೆಚ್ಚಿದ್ರ ಪೆಟ್ಟಿಗಿ ಮನ್ಯಾಗಿರ್ಲಿ. ಇಲ್ಲಂದ್ರ ಹುಣ್ಣಿವಿ ಒಳಗ ಮಾರಿಬಿಡು."

೧. ಇನ್ನೂ ಶುರುವಾಗಿಲ್ಲ

ಮೊದಲು ಓಣಿಯವರನ್ನು ಕರೆದೆ. ಹತ್ತಾರು ವಾದ್ಯ ಒಟ್ಟಿಗೆ ಮೊಳಗುವ ಪ್ಲೇಟು ಹಾಕಿದೆ. ಎಲ್ಲರೂ ಗಪ್‌ಚಿಪ್. ನನಗೆ ಹಿಗ್ಗೋ ಹಿಗ್ಗು! ಪ್ಲೇಟು ಮುಗಿಯಿತು. ಕಿರಾಣಿ ಅಂಗಡಿಯ ಶೆಟ್ಟರು ಪಟ್ಟಾಗಿ ಚಕ್ಕಳಮಕ್ಕಳ ಹಾಕಿ ಕೂತರು.

"ಶ್ರುತಿ ಛಲೋ ಕೂಡ್ತ್ರಿ ಮಾಸ್ತರ. ಇನ್ನ ಹಾಡು ಚಾಲೂ ಮಾಡ್ರಿ."

೨. ಮೂರು ಸಲದ ಲೆಕ್ಕ

ಗಂಗಾವತಿಯ ತಬಲಾ ಉಸ್ತಾದರು ಮೆಚ್ಚಿದರೆ ಅಪ್ಪ ಎದುರಾಡುವಂತಿರಲಿಲ್ಲ. ಕೈಕಾಲು ಹಿಡಿದು ಕರೆತಂದೆ. ಪ್ಲೇಟಿನ ಕೊನೆಯಲ್ಲಿ ವಾದ್ಯಗಳೆಲ್ಲ ಸೇರಿ ಝಂ, ಝಂ, ಝಂ ಎಂದವು. ತಬಲಾದಲ್ಲಿ ಒಂದೇ ಬೋಲು ಮೂರು ಸಲ ಬಾರಿಸಿ ಮುಗಿಸುವುದು ಪದ್ಧತಿ. ಉಸ್ತಾದರು ಮೂರನೇ ಹೊಡೆತಕ್ಕೆ ತೊಡೆ ತಟ್ಟಿ "ವಾಹ್!" ಎಂದರು. ನಾನು ಗೆದ್ದೆನೆಂದುಕೊಂಡೆ. ಅಷ್ಟರಲ್ಲಿ ಮತ್ತೆ ಝಂ, ಝಂ, ಝಂ. ಮತ್ತೆ ತೊಡೆ, ಮತ್ತೆ ವಾಹ್. ಅದು ನಿಲ್ಲಲೊಲ್ಲದು, ಇವರು ಬಿಡಲೊಲ್ಲರು. ಕೊನೆಗೆ ಉಸ್ತಾದರು ತೊಡೆ ತಿಕ್ಕಿಕೊಳ್ಳುತ್ತ ಎದ್ದರು.

"ಶುರು ಮಾಡೋದು ಬರ್ತೈತಿ ಇವರಿಗೆ. ಖತಂ ಮಾಡೋದು ಯಾರೂ ಕಲಿಸಿಲ್ರೀ!"

೩. ಅಪ್ಪನ ತೀರ್ಪು

ಹುಣ್ಣಿಮೆಯ ದಿನ ಕುಷ್ಟಗಿಯ ವ್ಯಾಪಾರಿಯೊಬ್ಬ ಪೆಟ್ಟಿಗೆ ಒಯ್ಯಲು ಬಂದು ಕೂತ. ನನಗೆ ಅಳುವೇ ಬಂದಿತ್ತು. ಕಡೆಯದೊಂದು ಸಲ ಎಂದು ಪಿಟೀಲಿನ ಪ್ಲೇಟು ಹಾಕಿದೆ. ದುಃಖದಲ್ಲಿ ಪೂರಾ ಕೀಲಿ ಕೊಡುವುದನ್ನೇ ಮರೆತಿದ್ದೆ. ಅರ್ಧಕ್ಕೆ ಸ್ಪ್ರಿಂಗು ಸಡಿಲಾಯಿತು. ಪಿಟೀಲು ನಿಧಾನವಾಗುತ್ತ, ದನಿ ಇಳಿಯುತ್ತ, ಮುದಿ ಎತ್ತು ನರಳಿದಂತೆ ಎಳೆಯತೊಡಗಿತು. ಗಾಬರಿಯಿಂದ ಕೀಲಿಗೆ ಕೈ ಹಾಕಿದೆ. ಅಪ್ಪ ಗಬಕ್ಕನೆ ನನ್ನ ಕೈ ಹಿಡಿದರು. ಅವರ ಕಣ್ಣುಗಳು ಮುಚ್ಚಿದ್ದವು.

"ತಡಿಯೋ! ಇಷ್ಟು ದಿನ ಈ ಪಿಟೀಲಿನಂವ ನಾಯಿ ಬೆನ್ನತ್ತಿದಾಂಗ ಓಡ್ತಿದ್ದ. ಈಗ ನೋಡು, ಹೆಂಗ ಸಮಾಧಾನಲೆ ಆಲಾಪ ಮಾಡಾಕತ್ಯಾನ!"

ಪ್ಲೇಟು ಗೊರ್ ಎಂದು ನಿಂತಿತು. ಅಪ್ಪ ಕಣ್ಣೊರೆಸಿಕೊಂಡು ವ್ಯಾಪಾರಿಗೆ ಕೈಮುಗಿದರು. "ಪೆಟ್ಟಿಗಿ ಕೊಡಂಗಿಲ್ರೀ. ಚಾ ಕುಡುದು ಹೋಗ್ರಿ."

ನಾನು ಕುಣಿದಾಡಿಬಿಟ್ಟೆ! ಅಪ್ಪ ನನ್ನತ್ತ ಬೆರಳು ಮಾಡಿದರು.

"ಆದ್ರ ಇನ್ನ ಮ್ಯಾಲೆ ಅದಕ್ಕ ಪೂರಾ ಕೀಲಿ ಕೊಡಬ್ಯಾಡ. ಮತ್ತ ಓಡಾಕ ಹತ್ತತಾನ!"